‘ಪರ್ಮಿಷನ್ ಡಿನೈಡ್’ ಅಂದರೆ ಏನಾಯಿತು? ಯುನಿಕ್ಸ್‌ನ ಬಳಕೆದಾರ, ಗುಂಪು, ಅನುಮತಿಗಳ ಒಳಲೆಕ್ಕ

ಹೊಸದಾಗಿ ಲಿನಕ್ಸ್ ಹಾಕಿಕೊಂಡವರು, ಸ್ವಂತ ವೆಬ್‌ಸೈಟಿಗೆಂದು ಸರ್ವರ್ ಬಾಡಿಗೆಗೆ ಹಿಡಿದವರು, ಮ್ಯಾಕ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಿಟಕಿಯನ್ನು ಮೊದಲ ಸಲ ತೆರೆದವರು, ಎಲ್ಲರೂ ಮೊದಲ ವಾರದಲ್ಲೇ ಎಡವುವ ಕಲ್ಲು ಒಂದೇ. ಫೈಲ್ ಕಣ್ಣೆದುರೇ ಇರುತ್ತದೆ, ಹೆಸರೂ ಸರಿಯಾಗಿಯೇ ಇರುತ್ತದೆ. ಆದರೂ ‘ಪರ್ಮಿಷನ್ ಡಿನೈಡ್’ ಅಂತ ಎರಡು ಪದ ಎಸೆದು ಯಂತ್ರ ಸುಮ್ಮನಾಗುತ್ತದೆ. ತಡೆದವರು ಯಾರು, ಯಾಕೆ ತಡೆದರು, ಯಾರನ್ನು ಕೇಳಬೇಕು? ಒಂದನ್ನೂ ಹೇಳುವುದಿಲ್ಲ.

ಹುಡುಕಿದರೆ ಸಿಗುವ ಮೊದಲ ಉಪಾಯ ‘ಸಿಎಚ್‌ಮಾಡ್ 777’, ಅಂದರೆ ಫೈಲಿನ ಅನುಮತಿ ಬದಲಿಸುವ ಕಮಾಂಡಿಗೆ ‘ಎಲ್ಲರಿಗೂ ಎಲ್ಲ ಹಕ್ಕೂ ಕೊಡು’ ಎಂದು ಹೇಳುವುದು. ಹಾಕಿದ ಕೂಡಲೇ ಕೆಲಸ ಆಗಿಬಿಡುತ್ತದೆ, ತೊಂದರೆ ಇರುವುದೂ ಅಲ್ಲಿಯೇ. ಬೀಗದ ಕೈ ಸಿಗಲಿಲ್ಲವೆಂದು ಬಾಗಿಲನ್ನೇ ಕಿತ್ತು ಪಕ್ಕಕ್ಕಿಟ್ಟ ಹಾಗೆ ಅದು. ಬಾಗಿಲು ಕೀಳದೆ ಬೇಕಾದವರನ್ನಷ್ಟೇ ಒಳಗೆ ಬಿಡುವ ದಾರಿ, ಲಿನಕ್ಸ್ ಮತ್ತು ಮ್ಯಾಕ್ ಎರಡೂ ಅನುಸರಿಸುವ ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಹಿಂದಿನಿಂದಲೂ ಇದೆ. ಅದು ಗುಂಪು, ಅಂದರೆ ಆ ಮೂರು ಅಂಕಿಗಳಲ್ಲಿ ನಡುವಿನ ಅಂಕಿ. ಹೆಚ್ಚಿನವರು ಕಣ್ಣೆತ್ತಿ ನೋಡದ ಈ ಅಂಕಿ ಅರ್ಥವಾದರೆ 777 ಬೇಕಾಗುವ ಪ್ರಸಂಗವೇ ಬಹುಪಾಲು ಬರುವುದಿಲ್ಲ.

ಒಂದು ಯಂತ್ರ, ಹಲವು ಜನ

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದರ ಮುಖ್ಯ ಕರ್ತೃಗಳು. ಆಗ ತಲೆಗೊಂದು ಕಂಪ್ಯೂಟರ್ ಎಂಬ ಮಾತೇ ಇರಲಿಲ್ಲ. ಒಂದು ದುಬಾರಿ ಯಂತ್ರ, ಅದಕ್ಕೆ ತಂತಿಯಿಂದ ಜೋಡಿಸಿದ ಹಲವು ಟರ್ಮಿನಲ್‌ಗಳು, ಒಂದೊಂದರ ಮುಂದೆ ಒಬ್ಬೊಬ್ಬರು. ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳಿಸಿ ಹಾಕದಂತೆ ಗೆರೆ ಎಳೆಯುವುದು ಅನಿವಾರ್ಯವಾಗಿತ್ತು.

ಆ ಗೆರೆ ಮೊದಮೊದಲು ತೀರ ಸರಳವಾಗಿತ್ತು. 1971ರ ಮೊದಲ ಕೈಪಿಡಿಯಲ್ಲಿ ಇದ್ದದ್ದು ಎರಡೇ ವರ್ಗ: ಫೈಲಿನ ಒಡೆಯ, ಒಡೆಯನಲ್ಲದವರು. ಗುಂಪು ಇರಲಿಲ್ಲ. ‘ನನಗೊಬ್ಬನಿಗೆ’ ಅಥವಾ ‘ಎಲ್ಲರಿಗೂ’ ಎಂಬ ಎರಡು ಆಯ್ಕೆ ಸಾಲದು, ‘ನಮ್ಮ ತಂಡಕ್ಕೆ’ ಎಂಬ ಮೂರನೆಯದೂ ಬೇಕು ಎಂದಾದಾಗ ಗುಂಪು ನಡುವೆ ಬಂದು ಕೂತಿತು. ಇವತ್ತು 777 ಹಾಕುವವರು ತಮಗೆ ಗೊತ್ತಿಲ್ಲದೆಯೇ ಆ ಹಳೆಯ ಎರಡು ಆಯ್ಕೆಯ ಕಾಲಕ್ಕೆ ಮರಳಿರುತ್ತಾರೆ.

ನನ್ನ ಲ್ಯಾಪ್‌ಟಾಪ್ ಬಳಸುವುದು ನಾನೊಬ್ಬನೇ, ನನಗೇಕೆ ಇದೆಲ್ಲ ಎಂದು ಕೇಳಬಹುದು. ಯುನಿಕ್ಸ್‌ನಲ್ಲಿ ‘ಬಳಕೆದಾರ’ ಎಂದರೆ ಮನುಷ್ಯನೇ ಆಗಬೇಕೆಂದಿಲ್ಲ. ವೆಬ್ ಸರ್ವರ್, ಡೇಟಾಬೇಸ್, ಪ್ರಿಂಟರ್ ನೋಡಿಕೊಳ್ಳುವ ಪ್ರೋಗ್ರಾಂ, ಹೀಗೆ ಹಿನ್ನೆಲೆಯಲ್ಲಿ ಓಡುವ ಕೆಲಸಗಳಿಗೂ ಬೇರೆ ಬೇರೆ ಬಳಕೆದಾರ ಹೆಸರುಗಳಿರುತ್ತವೆ. ಸಾಧಾರಣ ಲಿನಕ್ಸ್ ಯಂತ್ರದ ಬಳಕೆದಾರರ ಪಟ್ಟಿ ತೆರೆದರೆ ಹತ್ತಾರು ಹೆಸರು ಕಾಣಿಸುತ್ತವೆ, ಅದರಲ್ಲಿ ಉಸಿರಾಡುವ ಜೀವ ನೀವೊಬ್ಬರೇ. ವೆಬ್ ಸರ್ವರಿನಲ್ಲಿ ಲೋಪ ಸಿಕ್ಕಿ ಯಾರಾದರೂ ಅದರೊಳಗೆ ನುಗ್ಗಿದರೂ ಅವರ ಕೈಗೆ ಬರುವುದು ಆ ಸರ್ವರ್‌ನ ಬಳಕೆದಾರನಿಗೆ ಇರುವಷ್ಟೇ ಅಧಿಕಾರ. ನಿಮ್ಮ ಫೋಟೋಗಳು ಇನ್ನೊಂದು ಗೋಡೆಯ ಆಚೆಗಿರುತ್ತವೆ.

ಹೆಸರು ನಮಗೆ, ಸಂಖ್ಯೆ ಅದಕ್ಕೆ

‘ಮೀರಾ’ ಎಂಬ ಬಳಕೆದಾರರಿದ್ದಾರೆ ಎಂದುಕೊಳ್ಳಿ. ಇಟಿಸಿ ಎಂಬ ಡೈರೆಕ್ಟರಿಯಲ್ಲಿ (ಫೋಲ್ಡರಿಗೆ ಯುನಿಕ್ಸ್‌ನ ಹೆಸರು) ಇರುವ ‘ಪಾಸ್‌ಡಬ್ಲ್ಯುಡಿ’ ಎಂಬ ಫೈಲಿನಲ್ಲಿ ಅವರ ಬಗ್ಗೆ ಒಂದು ಸಾಲು ಇರುತ್ತದೆ. ಕನ್ನಡದಲ್ಲಿ ಬರೆದರೆ ಅದು ಹೀಗೆ ಕಾಣುತ್ತದೆ:

ಮೀರಾ:ಎಕ್ಸ್:1001:1001:ಮೀರಾ:/ಹೋಮ್/ಮೀರಾ:/ಬಿನ್/ಬ್ಯಾಷ್

ಕೋಲನ್ ಚಿಹ್ನೆಯಿಂದ ಬೇರ್ಪಟ್ಟ ಏಳು ಅಂಕಣಗಳು. ಮೂರನೆಯದು ಬಳಕೆದಾರರ ಸಂಖ್ಯೆ, ಯುಐಡಿ. ನಾಲ್ಕನೆಯದು ಅವರ ಮೂಲ ಗುಂಪಿನ ಸಂಖ್ಯೆ, ಜಿಐಡಿ. ಕಂಪ್ಯೂಟರಿನ ಮಟ್ಟಿಗೆ ಮೀರಾ ಎಂದರೆ 1001. ಹೆಸರು ನಮ್ಮ ಅನುಕೂಲಕ್ಕೆ ಅಂಟಿಸಿದ ಚೀಟಿ. ಹೆಚ್ಚಿನ ಲಿನಕ್ಸ್ ಆವೃತ್ತಿಗಳಲ್ಲಿ ಮನುಷ್ಯ ಬಳಕೆದಾರರ ಸಂಖ್ಯೆ 1000ದಿಂದ ಶುರುವಾಗುತ್ತದೆ, ಮ್ಯಾಕ್‌ನಲ್ಲಿ 501ರಿಂದ. 0 ಎಂಬ ಸಂಖ್ಯೆ ಯಂತ್ರದ ಸರ್ವಾಧಿಕಾರಿಯಾದ ‘ರೂಟ್’ ಎಂಬ ಬಳಕೆದಾರನಿಗೆ ಮೀಸಲು. ರೂಟ್‌ನ ಬಲವೆಲ್ಲ ಇರುವುದು ಆ ಸೊನ್ನೆಯಲ್ಲಿ, ಹೆಸರಿನಲ್ಲಲ್ಲ.

ಎರಡನೆಯ ಅಂಕಣದ ‘ಎಕ್ಸ್’ ಹಿಂದೆ ಒಂದು ಸಣ್ಣ ಕತೆಯಿದೆ. ಗೂಢಲಿಪಿಗೆ ತಿರುಗಿಸಿದ ಪಾಸ್‌ವರ್ಡ್ ಮೊದಲು ಅದೇ ಜಾಗದಲ್ಲಿರುತ್ತಿತ್ತು. ಸಂಖ್ಯೆಯಿಂದ ಹೆಸರು ಹುಡುಕಬೇಕಾದ ಪ್ರತಿ ಪ್ರೋಗ್ರಾಂ ಈ ಫೈಲನ್ನು ಓದಲೇಬೇಕು, ಹಾಗಾಗಿ ಇದನ್ನು ಎಲ್ಲರಿಗೂ ತೆರೆದಿಡದೆ ಗತ್ಯಂತರವಿಲ್ಲ. ಕಂಪ್ಯೂಟರುಗಳ ವೇಗ ಹೆಚ್ಚಿ ಊಹೆಯಿಂದಲೇ ಪಾಸ್‌ವರ್ಡ್ ಒಡೆಯುವುದು ಸುಲಭವಾದ ಮೇಲೆ ಆ ಗೂಢಲಿಪಿಯನ್ನು ಸಾಮಾನ್ಯರು ಓದಲಾಗದ ‘ಶ್ಯಾಡೋ’ ಎಂಬ ಇನ್ನೊಂದು ಫೈಲಿಗೆ ಸಾಗಿಸಿದರು. ಹಳೆಯ ಜಾಗದಲ್ಲಿ ‘ಎಕ್ಸ್’ ಉಳಿದುಕೊಂಡಿತು.

ಸಂಖ್ಯೆಯೇ ನಿಜ ಎನ್ನುವುದು ಕಣ್ಣಿಗೆ ಕಾಣಬೇಕಾದರೆ ಒಂದು ಯಂತ್ರದ ಡಿಸ್ಕ್ ತೆಗೆದು ಇನ್ನೊಂದಕ್ಕೆ ಹಾಕಿ ನೋಡಬೇಕು. ಅಲ್ಲಿ ಮೀರಾ ಅವರದಾಗಿದ್ದ ಫೈಲುಗಳೆಲ್ಲ ಇಲ್ಲಿ ರಘು ಅವರ ಹೆಸರಿನಲ್ಲಿ ಕಾಣಿಸಬಹುದು. ಏನೂ ಕೆಟ್ಟಿಲ್ಲ. ಡಿಸ್ಕ್ ಮೇಲೆ ಬರೆದಿರುವುದು 1001 ಮಾತ್ರ, ಈ ಯಂತ್ರದಲ್ಲಿ 1001 ಅಂದರೆ ರಘು. ಆ ಸಂಖ್ಯೆ ಇಲ್ಲಿ ಯಾರಿಗೂ ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಬರಿಯ ಅಂಕಿಯೇ ಕಾಣುತ್ತದೆ.

ಗುಂಪು ಎಂದರೆ ಹೆಸರುಗಳ ಪಟ್ಟಿ, ಅಷ್ಟೇ

ಗುಂಪಿನ ವಿವರ ಇರುವುದು ಇಟಿಸಿಯಲ್ಲೇ ಇರುವ ‘ಗ್ರೂಪ್’ ಎಂಬ ಫೈಲಿನಲ್ಲಿ. ಇಲ್ಲಿ ನಾಲ್ಕೇ ಅಂಕಣ:

ಸಂಪಾದಕ:ಎಕ್ಸ್:1005:ಮೀರಾ,ರಘು

ಹೆಸರು, ಬಹುತೇಕ ಯಾರೂ ಬಳಸದ ಪಾಸ್‌ವರ್ಡ್ ಜಾಗ, ಸಂಖ್ಯೆ, ಸದಸ್ಯರು. ಒಬ್ಬ ಬಳಕೆದಾರರಿಗೆ ಮೂಲ ಗುಂಪು ಒಂದೇ. ಹೊಸ ಫೈಲ್ ಮಾಡಿದಾಗ ಸಾಮಾನ್ಯವಾಗಿ ಅದರ ಮೇಲೆ ಬೀಳುವುದು ಈ ಗುಂಪಿನ ಮುದ್ರೆ. ಇದಲ್ಲದೆ ಎಷ್ಟೋ ಹೆಚ್ಚುವರಿ ಗುಂಪುಗಳಿಗೆ ಅವರು ಸೇರಿರಬಹುದು. ಒಬ್ಬರು ಏಕಕಾಲಕ್ಕೆ ಹಲವು ಗುಂಪುಗಳಲ್ಲಿ ಇರಬಹುದಾದ ಏರ್ಪಾಡು ಬಂದದ್ದು ಬರ್ಕ್ಲಿ ವಿಶ್ವವಿದ್ಯಾಲಯದ ಬಿಎಸ್‌ಡಿ ಯುನಿಕ್ಸ್‌ನಿಂದ, 1983ರ ಸುಮಾರಿಗೆ. ಈಗಿನ ಲಿನಕ್ಸ್‌ನಲ್ಲಿ ಈ ಮಿತಿ 65536. ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ ಬಿಡಿ.

ಮನುಷ್ಯರ ತಂಡಗಳಿಗಷ್ಟೇ ಗುಂಪು ಎಂದುಕೊಳ್ಳಬೇಡಿ. ಯುನಿಕ್ಸ್‌ನಲ್ಲಿ ಉಪಕರಣಗಳೂ ಫೈಲಿನ ರೂಪದಲ್ಲೇ ಕಾಣುವುದರಿಂದ ‘ಆಡಿಯೋ’, ‘ವಿಡಿಯೋ’ ಎಂಬ ಗುಂಪುಗಳಿರುತ್ತವೆ. ಸೀರಿಯಲ್ ಪೋರ್ಟಿಗೆ ಆರ್ಡುಯಿನೋ ಬೋರ್ಡ್ ಜೋಡಿಸಿ ‘ಪರ್ಮಿಷನ್ ಡಿನೈಡ್’ ಬಂದು ತಲೆ ಚಚ್ಚಿಕೊಂಡವರಿಗೆ ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಆವೃತ್ತಿಗಳ ‘ಡಯಲ್‌ಔಟ್’ ಗುಂಪಿನ ಪರಿಚಯ ಇದ್ದೇ ಇರುತ್ತದೆ. ಮೋಡೆಮ್ ಕಾಲದ ಹೆಸರು, ಈಗಲೂ ಹಾಗೇ ಉಳಿದಿದೆ.

ಒಂದು ಸಾಲನ್ನು ಓದುವ ಬಗೆ

ಟರ್ಮಿನಲ್‌ನಲ್ಲಿ ‘ಎಲ್‌ಎಸ್ -ಎಲ್’ ಎಂದು ಹೊಡೆದರೆ ಪ್ರತಿ ಫೈಲಿನ ಎದುರು ಹತ್ತು ಅಕ್ಷರಗಳ ಒಂದು ಗೊಂಚಲು ಬರುತ್ತದೆ. ‘ಮುಖಪುಟ’ ಎಂಬ ಫೈಲಿನದನ್ನು ಬಿಡಿಸಿ ಬರೆಯುತ್ತೇನೆ:

-  |  ಆರ್ ಡಬ್ಲ್ಯು -  |  ಆರ್ - -  |  - - -     ಮೀರಾ   ಸಂಪಾದಕ   ಮುಖಪುಟ

ಮೊದಲ ಒಂಟಿ ಅಕ್ಷರ ಇದು ಎಂಥ ವಸ್ತು ಎಂದು ಹೇಳುತ್ತದೆ. ಬರಿಯ ಗೆರೆ ಇದ್ದರೆ ಸಾಮಾನ್ಯ ಫೈಲ್, ‘ಡಿ’ ಇದ್ದರೆ ಡೈರೆಕ್ಟರಿ, ‘ಎಲ್’ ಇದ್ದರೆ ಬೇರೆಡೆಗೆ ಬೆರಳು ತೋರಿಸುವ ಲಿಂಕ್. ಉಳಿದ ಒಂಬತ್ತು, ಮೂರರ ಮೂರು ಕಂತು: ಒಡೆಯರಿಗೆ, ಗುಂಪಿಗೆ, ಮಿಕ್ಕವರಿಗೆ. ಪ್ರತಿ ಮೂರರಲ್ಲೂ ಕ್ರಮ ಒಂದೇ. ‘ಆರ್’ ಅಂದರೆ ಓದಬಹುದು, ‘ಡಬ್ಲ್ಯು’ ಅಂದರೆ ಬರೆಯಬಹುದು, ‘ಎಕ್ಸ್’ ಅಂದರೆ ಪ್ರೋಗ್ರಾಂ ಆಗಿ ಓಡಿಸಬಹುದು. ಗೆರೆ ಇದ್ದಲ್ಲಿ ಆ ಅನುಮತಿ ಇಲ್ಲ. ಮೇಲಿನ ಫೈಲನ್ನು ಮೀರಾ ಓದಿ ತಿದ್ದಬಹುದು, ಸಂಪಾದಕ ಗುಂಪಿನವರು ಓದಬಹುದು, ಬೇರೆಯವರಿಗೆ ಏನೂ ಇಲ್ಲ.

ಇದನ್ನೇ ಅಂಕಿಯಲ್ಲಿ ಬರೆಯಲು ಓದಿಗೆ 4, ಬರಹಕ್ಕೆ 2, ಓಡಿಸಲು 1 ಎಂದು ಕೊಟ್ಟು ಕೂಡಿಸುತ್ತಾರೆ. ಮೀರಾ 4+2, ಅಂದರೆ 6. ಗುಂಪು 4. ಮಿಕ್ಕವರು 0. ಒಟ್ಟು 640. ಯಾಕೆ 1, 2, 3 ಕೊಡಲಿಲ್ಲ? ಹಾಗೆ ಕೊಟ್ಟಿದ್ದರೆ 3 ಎಂದು ಕಂಡಾಗ ಅದು ಮೂರನೆಯ ಅನುಮತಿಯೋ ಅಥವಾ 1+2 ಕೂಡಿದ್ದೋ ತಿಳಿಯುತ್ತಿರಲಿಲ್ಲ. 4, 2, 1ನ್ನು ಹೇಗೆ ಕೂಡಿದರೂ ಬರುವ ಮೊತ್ತ ಒಂದಕ್ಕೊಂದು ಹೊಂದುವುದಿಲ್ಲ, ಮೊತ್ತ ನೋಡಿದರೆ ಯಾವ ಸ್ವಿಚ್ಚುಗಳು ಆನ್ ಆಗಿವೆ ಎಂದು ಗೊತ್ತಾಗುತ್ತದೆ.

644, 755, 600, 700, ಈ ನಾಲ್ಕು ಎಲ್ಲೆಲ್ಲೂ ಎದುರಾಗುತ್ತವೆ. ಬಾಯಿಪಾಠ ಬೇಡ, ಒಂದೊಂದು ಅಂಕಿಯನ್ನೂ ಒಡೆದರೆ ತಾನಾಗಿ ತಿಳಿಯುತ್ತದೆ.

ಕೇಳುವುದು ಒಂದೇ ಪ್ರಶ್ನೆ, ಅದೂ ಮೊದಲು ಹೊಂದಿದಲ್ಲಿಗೆ ಮುಗಿಯುತ್ತದೆ

ಅನುಮತಿ ಪರಿಶೀಲಿಸುವ ಕ್ರಮವನ್ನು ಹೆಚ್ಚಿನವರು ತಪ್ಪಾಗಿ ಊಹಿಸಿಕೊಂಡಿರುತ್ತಾರೆ. ಮೂರರಲ್ಲಿ ಎಲ್ಲಾದರೂ ಒಂದು ಕಡೆ ಅನುಮತಿ ಇದ್ದರೆ ಸಾಕು ಎಂಬ ಭಾವನೆ. ಹಾಗಿಲ್ಲ.

ಯಂತ್ರ ಮೊದಲು ಕೇಳುವುದು: ನೀವು ಈ ಫೈಲಿನ ಒಡೆಯರೇ? ಹೌದಾದರೆ ಮೊದಲ ಮೂರು ಅಕ್ಷರಗಳನ್ನು ಮಾತ್ರ ನೋಡಿ ತೀರ್ಪು ಕೊಡುತ್ತದೆ, ಮುಂದಕ್ಕೆ ಕಣ್ಣು ಹಾಯಿಸುವುದಿಲ್ಲ. ಒಡೆಯರಲ್ಲದಿದ್ದರೆ, ಫೈಲಿನ ಗುಂಪಿನಲ್ಲಿ ಇದ್ದೀರಾ? ಇದ್ದರೆ ನಡುವಿನ ಮೂರು ಅಕ್ಷರ, ಅಲ್ಲಿಗೆ ಮುಗಿಯಿತು. ಎರಡೂ ಅಲ್ಲದವರಿಗೆ ಮಾತ್ರ ಕೊನೆಯ ಮೂರು.

ಇದರಿಂದ ವಿಚಿತ್ರವಾದೊಂದು ಸಂಗತಿ ಸಾಧ್ಯವಾಗುತ್ತದೆ. ಫೈಲಿನ ಅನುಮತಿ 604 ಎಂದಿರಲಿ. ಊರಿನವರೆಲ್ಲ ಓದಬಹುದು, ಗುಂಪಿನ ಸದಸ್ಯರು ಮಾತ್ರ ಓದುವ ಹಾಗಿಲ್ಲ! ರಘು ಸಂಪಾದಕ ಗುಂಪಿನಲ್ಲಿ ಇದ್ದಾರೆ ಎಂಬ ಕಾರಣಕ್ಕೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಯ್ದ ಕೆಲವರನ್ನು ಹೊರಗಿಡಲು ಈ ತಂತ್ರ ಬಳಸುವವರೂ ಉಂಟು. ಹಾಗೆಯೇ 044 ಎಂದಿಟ್ಟ ಫೈಲನ್ನು ಒಡೆಯರೇ ಓದಲಾರರು, ಉಳಿದವರು ಓದುತ್ತಾರೆ. ಒಡೆಯರಿಗೆ ಒಂದು ಸಮಾಧಾನ, ಸಿಎಚ್‌ಮಾಡ್ ಮಾಡುವ ಹಕ್ಕು ಅವರ ಕೈಯಲ್ಲೇ ಇರುತ್ತದೆ. ಅನುಮತಿಯನ್ನು ಬದಲಿಸಿಕೊಂಡು ಮತ್ತೆ ಓದಬಹುದು.

ಒಡೆತನವನ್ನು ಮಾತ್ರ ಸುಮ್ಮನೆ ಬೇರೆಯವರಿಗೆ ದಾನ ಮಾಡಲಾಗದು. ಲಿನಕ್ಸ್‌ನಲ್ಲಿ ‘ಸಿಎಚ್‌ಓನ್’ ಕಮಾಂಡಿನಿಂದ ಒಡೆಯರನ್ನು ಬದಲಿಸಲು ರೂಟ್ ಬೇಕು. ಇಲ್ಲದಿದ್ದರೆ ಡಿಸ್ಕ್‌ನಲ್ಲಿ ತಲೆಗಿಷ್ಟು ಜಾಗ ಎಂದು ಮಿತಿ ಹಾಕಿದ ಕಡೆ ನನ್ನ ದೊಡ್ಡ ಫೈಲುಗಳನ್ನೆಲ್ಲ ನಿಮ್ಮ ಹೆಸರಿಗೆ ಬರೆದು ನಾನು ಕೈತೊಳೆದುಕೊಳ್ಳಬಹುದಿತ್ತು. ಗುಂಪನ್ನು ಬದಲಿಸಲು ‘ಸಿಎಚ್‌ಜಿಆರ್‌ಪಿ’ ಇದೆ. ಅದೂ ನೀವೇ ಸದಸ್ಯರಾಗಿರುವ ಗುಂಪಿಗೆ ಮಾತ್ರ.

ಡೈರೆಕ್ಟರಿಯಲ್ಲಿ ಅದೇ ಅಕ್ಷರ, ಅರ್ಥ ಬೇರೆ

ಹಳಬರೂ ತಪ್ಪುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಡೈರೆಕ್ಟರಿಯನ್ನು ಪೆಟ್ಟಿಗೆ ಎಂದು ಕಲ್ಪಿಸಿಕೊಂಡರೆ ದಾರಿ ತಪ್ಪುತ್ತದೆ. ಪುಸ್ತಕದ ಪರಿವಿಡಿ ಪುಟ ಎಂದುಕೊಳ್ಳಿ. ಅದರಲ್ಲಿ ಇರುವುದು ಹೆಸರುಗಳು, ಮತ್ತು ಆ ಹೆಸರಿನ ಫೈಲ್ ಡಿಸ್ಕ್‌ನಲ್ಲಿ ಯಾವ ಕ್ರಮಸಂಖ್ಯೆಯಲ್ಲಿದೆ ಎಂಬ ಗುರುತು. ಆ ಕ್ರಮಸಂಖ್ಯೆಯ ದಾಖಲೆಗೆ ಐನೋಡ್ ಎನ್ನುತ್ತಾರೆ. ಒಡೆಯರು, ಗುಂಪು, ಅನುಮತಿಗಳೆಲ್ಲ ಬರೆದಿರುವುದು ಐನೋಡ್‌ನಲ್ಲಿ. ಫೈಲಿನ ಹೆಸರು ಮಾತ್ರ ಅಲ್ಲಿಲ್ಲ, ಅದು ಪರಿವಿಡಿಯಲ್ಲಿದೆ.

ಈಗ ಮೂರು ಅಕ್ಷರಗಳನ್ನು ಪರಿವಿಡಿಗೆ ಹಚ್ಚಿ ನೋಡಿ. ‘ಆರ್’ ಇದ್ದರೆ ಪರಿವಿಡಿಯ ಹೆಸರುಗಳನ್ನು ಓದಬಹುದು. ‘ಡಬ್ಲ್ಯು’ ಇದ್ದರೆ ಪರಿವಿಡಿಗೆ ಹೆಸರು ಸೇರಿಸಬಹುದು, ಹೊಡೆದುಹಾಕಬಹುದು, ಬದಲಿಸಬಹುದು. ‘ಎಕ್ಸ್’ ಇದ್ದರೆ ಆ ಪರಿವಿಡಿ ಹಿಡಿದು ಒಳಗಿನ ಪುಟಕ್ಕೆ ದಾಟಬಹುದು. ಡೈರೆಕ್ಟರಿಯನ್ನು ‘ಓಡಿಸುವ’ ಪ್ರಶ್ನೆಯೇ ಇಲ್ಲ, ಹಾಗಾಗಿ ಆ ಅಕ್ಷರವನ್ನು ದಾಟುವ ಹಕ್ಕಿಗೆ ಬಳಸಿಕೊಂಡಿದ್ದಾರೆ.

ಈ ಹೋಲಿಕೆ ಇಟ್ಟುಕೊಂಡರೆ ಎಷ್ಟೋ ಒಗಟುಗಳು ಬಿಡುತ್ತವೆ. ಮೀರಾ ತಮ್ಮ ಫೈಲಿಗೆ 400 ಕೊಟ್ಟು, ಯಾರೂ ತಿದ್ದದಂತೆ ಭದ್ರ ಮಾಡಿದ್ದಾರೆ. ಆದರೂ ರಘು ಅದನ್ನು ಅಳಿಸಿಬಿಟ್ಟರು. ಹೇಗೆ? ಫೈಲ್ ಅಳಿಸುವುದೆಂದರೆ ಪರಿವಿಡಿಯಿಂದ ಹೆಸರು ತೆಗೆಯುವುದು. ಅದಕ್ಕೆ ಬೇಕಾದದ್ದು ಡೈರೆಕ್ಟರಿಯ ಮೇಲಿನ ‘ಡಬ್ಲ್ಯು’ ಮತ್ತು ‘ಎಕ್ಸ್’. ಫೈಲಿನ ಮೇಲೆ ಏನು ಬರೆದಿದೆ ಎಂದು ಅಳಿಸುವಾಗ ಯಂತ್ರ ನೋಡುವುದೇ ಇಲ್ಲ. ‘ಆರ್‌ಎಂ’ ಕಮಾಂಡ್ ಮರ್ಯಾದೆಗೆ ಒಮ್ಮೆ ‘ನಿಜವಾಗಲೂ ಅಳಿಸಲೇ’ ಎಂದು ಕೇಳಬಹುದು, ಹೌದು ಎಂದರೆ ಅಳಿಸುತ್ತದೆ.

‘ಎಕ್ಸ್’ ಇದ್ದು ‘ಆರ್’ ಇಲ್ಲದ ಡೈರೆಕ್ಟರಿ ಇನ್ನೂ ಸ್ವಾರಸ್ಯಕರ. ಒಳಗೆ ಏನಿದೆ ಎಂದು ಪಟ್ಟಿ ಕೇಳಿದರೆ ನಿರಾಕರಣೆ. ಆದರೆ ಹೆಸರು ಮೊದಲೇ ಗೊತ್ತಿದ್ದರೆ ನೇರ ಅದನ್ನು ತೆರೆಯಬಹುದು. ಅದರ ಉಲ್ಟಾ, ‘ಆರ್’ ಇದ್ದು ‘ಎಕ್ಸ್’ ಇಲ್ಲದಿದ್ದರೆ ಹೆಸರುಗಳು ಕಾಣುತ್ತವೆ, ಬೇರೇನೂ ಇಲ್ಲ. ‘ಎಲ್‌ಎಸ್ -ಎಲ್’ ಹೊಡೆದರೆ ಗಾತ್ರ, ಒಡೆಯ, ದಿನಾಂಕ ಎಲ್ಲದರ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಮೊದಲ ಬಾರಿ ಅದನ್ನು ಕಂಡಾಗ ಡಿಸ್ಕ್ ಕೆಟ್ಟಿತೆಂದೇ ನಾನು ಭಾವಿಸಿದ್ದೆ.

ಎಲ್ಲರೂ ಬರೆಯಬಹುದಾದ ಡೈರೆಕ್ಟರಿ ಒಂದು ಪ್ರತಿ ಯಂತ್ರದಲ್ಲೂ ಇರುತ್ತದೆ, ತಾತ್ಕಾಲಿಕ ಫೈಲುಗಳಿಗೆ ಮೀಸಲಾದ ‘ಟಿಎಂಪಿ’. ಅಲ್ಲಿ ಯಾರು ಬೇಕಾದರೂ ಯಾರದನ್ನು ಬೇಕಾದರೂ ಅಳಿಸುವಂತಾದರೆ ಗತಿಯೇನು? ಅದಕ್ಕೆ ‘ಸ್ಟಿಕಿ ಬಿಟ್’ ಎಂಬ ಹೆಚ್ಚುವರಿ ಗುರುತು ಹಚ್ಚಿರುತ್ತಾರೆ, ಅನುಮತಿ 1777 ಎಂದಾಗುತ್ತದೆ, ಕೊನೆಯ ‘ಎಕ್ಸ್’ ಜಾಗದಲ್ಲಿ ‘ಟಿ’ ಕಾಣುತ್ತದೆ. ಆಗ ಹೆಸರು ಸೇರಿಸುವುದು ಎಲ್ಲರಿಗೂ ಸಾಧ್ಯ, ತೆಗೆಯುವುದು ಮಾತ್ರ ಫೈಲಿನ ಒಡೆಯರು, ಡೈರೆಕ್ಟರಿಯ ಒಡೆಯರು ಮತ್ತು ರೂಟ್‌ಗೆ.

ತಂಡಕ್ಕೊಂದು ಫೋಲ್ಡರ್: ಗುಂಪು ಕೆಲಸ ಮಾಡುವುದನ್ನು ನೋಡೋಣ

ಮೀರಾ ಮತ್ತು ರಘು ಒಂದೇ ಫೋಲ್ಡರಿನಲ್ಲಿ ಲೇಖನ ತಿದ್ದಬೇಕು, ಬೇರೆಯವರು ಇಣುಕಬಾರದು. ‘ಲೇಖನಗಳು’ ಎಂಬ ಡೈರೆಕ್ಟರಿ ಮಾಡಿ, ಅದರ ಗುಂಪನ್ನು ‘ಸಂಪಾದಕ’ ಎಂದು ಬದಲಿಸಿ, 770 ಕೊಟ್ಟರೆ ಮುಗಿಯಿತು ಅನಿಸುತ್ತದೆ. ಮರುದಿನವೇ ದೂರು ಬರುತ್ತದೆ: ಮೀರಾ ಬರೆದದ್ದನ್ನು ರಘು ತಿದ್ದಲಾಗುತ್ತಿಲ್ಲ.

ಕಾರಣ ಎರಡು. ಮೊದಲನೆಯದು, ಮೀರಾ ಮಾಡಿದ ಹೊಸ ಫೈಲಿನ ಮೇಲೆ ಅವರ ಮೂಲ ಗುಂಪಿನ ಮುದ್ರೆ ಬಿದ್ದಿದೆ. ಅದು ‘ಮೀರಾ’ ಎಂಬ ಒಂಟಿ ಸದಸ್ಯರ ಗುಂಪು, ಹೆಚ್ಚಿನ ಲಿನಕ್ಸ್‌ಗಳು ಪ್ರತಿ ಬಳಕೆದಾರರಿಗೂ ಹೀಗೊಂದು ಸ್ವಂತ ಗುಂಪು ಮಾಡುತ್ತವೆ. ಫೈಲ್ ಸಂಪಾದಕ ಗುಂಪಿನದಾಗಲೇ ಇಲ್ಲ. ಇದಕ್ಕೆ ಮದ್ದು ಡೈರೆಕ್ಟರಿಯ ಮೇಲೆ ‘ಸೆಟ್‌ಜಿಐಡಿ’ ಗುರುತು. 770 ಬದಲು 2770. ಆಮೇಲೆ ಅದರೊಳಗೆ ಹುಟ್ಟುವ ಪ್ರತಿ ಫೈಲೂ ಡೈರೆಕ್ಟರಿಯ ಗುಂಪನ್ನೇ ಪಡೆಯುತ್ತದೆ, ಒಳಗೆ ಹುಟ್ಟುವ ಡೈರೆಕ್ಟರಿಗಳಿಗೂ ಈ ಗುಣ ಹರಿಯುತ್ತದೆ.

ಎರಡನೆಯದು ‘ಯುಮಾಸ್ಕ್’. ಗೋಡೆಗೆ ಬಣ್ಣ ಬಳಿಯುವಾಗ ಸ್ವಿಚ್ ಬೋರ್ಡ್ ಮೇಲೆ ಕಾಗದ ಅಂಟಿಸುತ್ತಾರಲ್ಲ, ಬಣ್ಣ ಅಲ್ಲಿಗೆ ತಾಗುವುದಿಲ್ಲ. ಯುಮಾಸ್ಕ್ ಅಂಥ ಕಾಗದ. ಪ್ರೋಗ್ರಾಂ ಹೊಸ ಫೈಲಿಗೆ 666 ಕೇಳಿದರೂ, ಯುಮಾಸ್ಕ್ 022 ಎಂದಿದ್ದರೆ ಗುಂಪಿನ ಮತ್ತು ಮಿಕ್ಕವರ ಬರೆಯುವ ಹಕ್ಕು ಮುಚ್ಚಿಹೋಗಿ 644 ಆಗುತ್ತದೆ. ಗುಂಪಿನವರು ಓದಬಹುದು, ತಿದ್ದುವ ಹಾಗಿಲ್ಲ. ಯುಮಾಸ್ಕ್ 002 ಮಾಡಿಕೊಂಡರೆ 664 ಬರುತ್ತದೆ, ರಘು ತಿದ್ದಬಹುದು. 664ರ ಕೊನೆಯ 4 ನೋಡಿ ಗಾಬರಿ ಬೇಡ. ಡೈರೆಕ್ಟರಿಯೇ 2770 ಆಗಿರುವುದರಿಂದ ಹೊರಗಿನವರು ಅಲ್ಲಿಯ ತನಕ ದಾಟಿ ಬರಲಾರರು.

ಇಷ್ಟಾದ ಮೇಲೂ ಒಂದು ಸಂದು ಉಳಿಯುತ್ತದೆ. ಬೇರೆಡೆ ಬರೆದ ಫೈಲನ್ನು ಈ ಫೋಲ್ಡರಿಗೆ ನಕಲು ಮಾಡಿದರೆ ಹೊಸ ಫೈಲ್ ಹುಟ್ಟುತ್ತದೆ, ಗುಂಪು ಸರಿಯಾಗಿ ಬರುತ್ತದೆ. ಅದೇ ಡಿಸ್ಕ್‌ನೊಳಗೆ ‘ಎಂವಿ’ಯಿಂದ ಸರಿಸಿ ತಂದರೆ ಪರಿವಿಡಿಯಲ್ಲಿ ಹೆಸರು ಮಾತ್ರ ಜಾಗ ಬದಲಿಸುತ್ತದೆ, ಐನೋಡ್ ಹಳೆಯದೇ, ಅದರ ಮೇಲಿನ ಗುಂಪೂ ಹಳೆಯದೇ. ‘ಕೆಲವು ಫೈಲು ಮಾತ್ರ ತೆರೆಯುತ್ತಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಎರಡು ಗುಂಪುಗಳಿಗೆ ಬೇರೆ ಬೇರೆ ಹಕ್ಕು ಕೊಡಬೇಕಾಗಿ ಬಂದರೆ ಈ ಒಂಬತ್ತು ಅಕ್ಷರ ಸಾಲವು. ಅಂಥ ಕಡೆ ಎಸಿಎಲ್ ಎಂಬ ವಿಸ್ತೃತ ಪಟ್ಟಿ ಬಳಸುತ್ತಾರೆ. ಅನುಮತಿಯ ಗೊಂಚಲಿನ ಕೊನೆಗೆ ಕೂಡುವ ಚಿಹ್ನೆ ಕಂಡರೆ ಹಿಂದೆ ಇನ್ನೊಂದು ಪಟ್ಟಿ ಇದೆ ಎಂದರ್ಥ.

ಗುಂಪಿಗೆ ಸೇರಿಸಿದೆ, ಆದರೂ ಬಿಡುತ್ತಿಲ್ಲ

ಹೊಸಬರಾದ ಸಲ್ಮಾ ಅವರನ್ನು ಸಂಪಾದಕ ಗುಂಪಿಗೆ ಸೇರಿಸಿದಿರಿ. ಪಟ್ಟಿಯಲ್ಲಿ ಹೆಸರು ಕಾಣುತ್ತಿದೆ, ಫೋಲ್ಡರ್ ಮಾತ್ರ ತೆರೆಯುತ್ತಿಲ್ಲ. ಯಂತ್ರ ಪ್ರತಿ ಸಲ ಗ್ರೂಪ್ ಫೈಲ್ ತೆರೆದು ನೋಡುವುದಿಲ್ಲ. ಲಾಗಿನ್ ಆಗುವಾಗ ಒಮ್ಮೆ ನೋಡಿ, ಆ ಸಂಖ್ಯೆಗಳನ್ನೆಲ್ಲ ಕೊರಳಿಗೆ ಬ್ಯಾಡ್ಜ್ ಹಾಕಿದಂತೆ ಹಾಕಿ ಕಳಿಸುತ್ತದೆ. ಆಮೇಲೆ ಅವರು ತೆರೆಯುವ ಪ್ರತಿ ಪ್ರೋಗ್ರಾಂ ಆ ಬ್ಯಾಡ್ಜ್‌ನ ನಕಲನ್ನೇ ಧರಿಸಿರುತ್ತದೆ. ಸಲ್ಮಾ ಲಾಗ್ ಔಟ್ ಆಗಿ ಮತ್ತೆ ಬಂದರೆ ಹೊಸ ಬ್ಯಾಡ್ಜ್ ಸಿಗುತ್ತದೆ. ಈಗ ಕೊರಳಲ್ಲಿ ಏನಿದೆ ಎಂದು ನೋಡಲು ‘ಐಡಿ’ ಎಂಬ ಎರಡಕ್ಷರದ ಕಮಾಂಡ್ ಸಾಕು. ಇದರ ಇನ್ನೊಂದು ಮಗ್ಗುಲನ್ನೂ ಮರೆಯಬಾರದು: ಗುಂಪಿನಿಂದ ತೆಗೆದುಹಾಕಿದವರು ಲಾಗ್ ಔಟ್ ಆಗುವ ತನಕ ಹಳೆಯ ಬ್ಯಾಡ್ಜ್ ಹಾಕಿಕೊಂಡೇ ಓಡಾಡುತ್ತಿರುತ್ತಾರೆ.

ಸೇರಿಸುವ ಕಮಾಂಡಿನಲ್ಲೇ ಒಂದು ಗುಂಡಿಯಿದೆ, ನಾನು ಅದರಲ್ಲಿ ಬಿದ್ದವನು. ‘ಯೂಸರ್‌ಮಾಡ್’ಗೆ ದೊಡ್ಡ ‘ಜಿ’ ಕೊಟ್ಟು ಗುಂಪಿನ ಹೆಸರು ಬರೆದರೆ ‘ಈ ಗುಂಪಿಗೂ ಸೇರಿಸು’ ಎಂದಾಗುವುದಿಲ್ಲ, ‘ಹೆಚ್ಚುವರಿ ಗುಂಪು ಇದೊಂದೇ ಇರಲಿ’ ಎಂದಾಗುತ್ತದೆ. ಸೇರಿಸಲು ಅದರ ಜತೆ ಸಣ್ಣ ‘ಎ’ ಬೇಕೇ ಬೇಕು. ಆ ‘ಎ’ ಬರೆಯದೆ ನನ್ನನ್ನೇ ನಾನು ಒಂದು ಹೊಸ ಗುಂಪಿಗೆ ಸೇರಿಸಿಕೊಂಡು ಮಲಗಿದೆ. ಬೆಳಗ್ಗೆ ಲಾಗಿನ್ ಆದರೆ ಆಡಳಿತದ ಯಾವ ಕೆಲಸಕ್ಕೂ ನಾನು ಅರ್ಹನಲ್ಲ. ಅಧಿಕಾರ ಕೊಡುವ ಗುಂಪಿನಿಂದಲೇ ನನ್ನನ್ನು ನಾನು ಹೊರಹಾಕಿಕೊಂಡಿದ್ದೆ. ಯಂತ್ರವನ್ನು ರಿಕವರಿ ಮೋಡ್‌ನಲ್ಲಿ ಎಬ್ಬಿಸಿ ಹೆಸರು ಮತ್ತೆ ಬರೆಯುವಷ್ಟರಲ್ಲಿ ಅರ್ಧ ದಿನ ಹೋಯಿತು.

ರೂಟ್, ಸುಡೂ ಮತ್ತು ಎರವಲು ಅಧಿಕಾರ

ಸಂಖ್ಯೆ 0, ಅಂದರೆ ರೂಟ್‌ಗೆ ಮೇಲಿನ ಓದು-ಬರಹದ ತಡೆಗಳು ಲೆಕ್ಕಕ್ಕಿಲ್ಲ. ಆದರೆ ಯಾವ ಮೂಲೆಯಲ್ಲೂ ‘ಎಕ್ಸ್’ ಇಲ್ಲದ ಫೈಲನ್ನು ರೂಟ್ ಕೂಡ ಪ್ರೋಗ್ರಾಂ ಆಗಿ ಓಡಿಸಲಾಗದು.

ಇಡೀ ದಿನ ರೂಟ್ ಆಗಿ ಕೂರುವುದು ಅಪಾಯ ಎಂದು, ಬೇಕಾದಾಗ ಒಂದು ಕಮಾಂಡಿಗೆ ಮಾತ್ರ ಆ ಅಧಿಕಾರ ಪಡೆಯಲು ‘ಸುಡೂ’ ಬಂತು. 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗೆಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಇದನ್ನು ಮೊದಲು ಬರೆದರು. ಕನ್ನಡದ ಕಿವಿಗೆ ಅದು ‘ಸುಡು’ ಎಂದು ಕೇಳುತ್ತದೆ, ಎಚ್ಚರ ತಪ್ಪಿ ಬಳಸಿದರೆ ಅರ್ಥವೂ ಅದೇ ಆಗುತ್ತದೆ. ಯಾರಿಗೆ ಸುಡೂ ಹಕ್ಕು ಎಂಬುದನ್ನು ನಿರ್ಧರಿಸುವುದೂ ಸಾಮಾನ್ಯವಾಗಿ ಗುಂಪೇ. ಉಬುಂಟು, ಡೆಬಿಯನ್‌ಗಳಲ್ಲಿ ಅದರ ಹೆಸರು ‘ಸುಡೂ’, ಫೆಡೋರಾ ಮತ್ತು ರೆಡ್ ಹ್ಯಾಟ್ ಬಳಗದಲ್ಲಿ ‘ವೀಲ್’. ಪ್ರೋಗ್ರಾಂಗಳನ್ನು ‘ಕಂಟೇನರ್’ ಎಂಬ ಪ್ರತ್ಯೇಕ ಆವರಣದೊಳಗೆ ಓಡಿಸುವ ‘ಡಾಕರ್’ನ ಗುಂಪಿನ ಸದಸ್ಯತ್ವವೂ ಪ್ರಾಯೋಗಿಕವಾಗಿ ರೂಟ್‌ಗೆ ಸಮ. ಕಂಟೇನರ್ ಮೂಲಕ ಇಡೀ ಡಿಸ್ಕನ್ನು ತಲುಪಬಹುದಾದ್ದರಿಂದ ಅದನ್ನು ಹಗುರವಾಗಿ ಯಾರಿಗೂ ಕೊಡಬಾರದು.

ಇನ್ನೊಂದು ಒಗಟು. ಶ್ಯಾಡೋ ಫೈಲನ್ನು ತಿದ್ದುವ ಹಕ್ಕು ರೂಟ್‌ಗೆ ಮಾತ್ರ ಎಂದ ಮೇಲೆ, ಸಾಮಾನ್ಯ ಬಳಕೆದಾರರು ತಮ್ಮ ಪಾಸ್‌ವರ್ಡ್ ಬದಲಿಸುವುದು ಹೇಗೆ? ಆ ಕೆಲಸ ಮಾಡುವ ಪ್ರೋಗ್ರಾಮಿನ ಅನುಮತಿ ನೋಡಿದರೆ ಒಡೆಯರ ‘ಎಕ್ಸ್’ ಜಾಗದಲ್ಲಿ ‘ಎಸ್’ ಇರುತ್ತದೆ. ಇದು ‘ಸೆಟ್‌ಯುಐಡಿ’, ಅಂಕಿಯಲ್ಲಿ ಬರೆದರೆ ಮುಂದೊಂದು 4. ಯಾರೇ ಓಡಿಸಿದರೂ ಆ ಪ್ರೋಗ್ರಾಂ ತನ್ನ ಒಡೆಯನ, ಅಂದರೆ ರೂಟ್‌ನ ಅಧಿಕಾರದಲ್ಲಿ ಓಡುತ್ತದೆ. ಅದು ಮಾಡುವುದು ನಿಗದಿಯಾದ ಒಂದೇ ಕೆಲಸ ಎಂಬುದೇ ಇಲ್ಲಿನ ಭರವಸೆ. ಈ ಉಪಾಯಕ್ಕೆ ಡೆನ್ನಿಸ್ ರಿಚಿ ಹೆಸರಿನಲ್ಲಿ 1979ರಲ್ಲಿ ಪೇಟೆಂಟ್ ಸಿಕ್ಕಿತು. ಸುಡೂ ಕೂಡ ಇದೇ ಗುರುತಿನ ಬಲದಿಂದ ಕೆಲಸ ಮಾಡುತ್ತದೆ.

ಭರವಸೆ ಮುರಿದರೆ ಅನಾಹುತ ದೊಡ್ಡದು. 2021ರ ಜನವರಿಯಲ್ಲಿ ಸುಡೂದಲ್ಲೇ ಒಂದು ಲೋಪ ಬಯಲಾಯಿತು, ಅದು 2011ರಿಂದ ಅಲ್ಲಿ ಅಡಗಿತ್ತು. ಮರುವರ್ಷದ ಜನವರಿಯಲ್ಲಿ ‘ಪಿಕೆಎಕ್ಸೆಕ್’ ಎಂಬ ಇನ್ನೊಂದು ಸೆಟ್‌ಯುಐಡಿ ಪ್ರೋಗ್ರಾಮಿನಲ್ಲಿ 2009ರಿಂದ ಇದ್ದ ಲೋಪ ಸಿಕ್ಕಿತು. ಎರಡರಲ್ಲೂ ಯಾವ ಅಧಿಕಾರವೂ ಇಲ್ಲದ ಸಾಮಾನ್ಯ ಬಳಕೆದಾರ ರೂಟ್ ಆಗಿಬಿಡಬಹುದಿತ್ತು.

ಜೇಬಿನ ಫೋನಿನಲ್ಲೂ ಇದೇ ಲೆಕ್ಕ

ಆಂಡ್ರಾಯ್ಡ್ ಕೂಡ ಲಿನಕ್ಸ್ ಮೇಲೆ ನಿಂತದ್ದು. ಒಂದು ಫೋನಿಗೆ ಒಬ್ಬರೇ ಬಳಕೆದಾರರು ಇರುವುದರಿಂದ ಖಾಲಿ ಉಳಿದ ಈ ಏರ್ಪಾಡನ್ನು ಅದು ಜಾಣತನದಿಂದ ತಿರುಗಿಸಿಕೊಂಡಿತು: ಅಲ್ಲಿ ಪ್ರತಿ ಆ್ಯಪ್ ಒಬ್ಬೊಬ್ಬ ‘ಬಳಕೆದಾರ’. ನೀವು ಹಾಕಿಕೊಳ್ಳುವ ಆ್ಯಪ್‌ಗಳಿಗೆ 10000ದಿಂದ ಮೇಲಿನ ಯುಐಡಿಗಳು ಸಿಗುತ್ತವೆ. ಒಂದು ಆ್ಯಪ್‌ನ ಖಾಸಗಿ ಫೈಲುಗಳನ್ನು ಇನ್ನೊಂದು ಓದಲಾಗದಿರುವುದಕ್ಕೆ ಬುನಾದಿ 1970ರ ದಶಕದ ಈ ಸಂಖ್ಯೆಗಳೇ. ಇಂಟರ್ನೆಟ್ ಬಳಸುವ ಆ್ಯಪ್‌ಗೆ 3003 ಸಂಖ್ಯೆಯ ‘ಐನೆಟ್’ ಎಂಬ ಗುಂಪಿನ ಸದಸ್ಯತ್ವ ಕೊಡುವ ಪದ್ಧತಿಯೂ ಅಲ್ಲಿದೆ.

777ರ ಬದಲು ಎಲ್ಲಿ ನೋಡಬೇಕು

777 ಹಾಕಿದರೆ ಯಂತ್ರದ ಮೇಲಿನ ಪ್ರತಿ ಬಳಕೆದಾರರೂ, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರತಿ ಪ್ರೋಗ್ರಾಮೂ, ಆ ಫೈಲನ್ನು ತಿದ್ದಬಹುದು. ಕೆಲವು ಪ್ರೋಗ್ರಾಂಗಳು ಇದನ್ನು ಸಹಿಸುವುದೂ ಇಲ್ಲ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಖಾಸಗಿ ಕೀಲಿಯನ್ನು ಬೇರೆಯವರೂ ಓದುವಂತಿದ್ದರೆ ಅದು ಕೀಲಿಯನ್ನು ಬಳಸಲು ಸುತರಾಂ ಒಪ್ಪುವುದಿಲ್ಲ, 600 ಮಾಡಿದರೆ ಸುಮ್ಮನಾಗುತ್ತದೆ. ಇಡೀ ಯಂತ್ರಕ್ಕೆ ಮೇಲಿಂದ ಕೆಳಗೆ 777 ಹಾಕಿದವರಿಗೆ ಇನ್ನೊಂದು ಆಘಾತ ಕಾದಿರುತ್ತದೆ. ಮುಂದೆ 4 ಇಲ್ಲದ ಆ ಸಂಖ್ಯೆ ಸುಡೂದ ಸೆಟ್‌ಯುಐಡಿ ಗುರುತನ್ನೂ ಅಳಿಸಿಹಾಕುತ್ತದೆ, ಮಾಡಿದ್ದನ್ನು ಸರಿಪಡಿಸಲು ಬೇಕಾದ ಸಾಧನವೇ ಕೈತಪ್ಪುತ್ತದೆ.

ನಿರಾಕರಣೆ ಬಂದಾಗ ಮೊದಲು ‘ಐಡಿ’ ಹೊಡೆದು ಕೊರಳಿನ ಬ್ಯಾಡ್ಜ್ ನೋಡಿ. ಆಮೇಲೆ ಫೈಲನ್ನಷ್ಟೇ ನೋಡದೆ ಅಲ್ಲಿಗೆ ಹೋಗುವ ದಾರಿಯ ಪ್ರತಿ ಡೈರೆಕ್ಟರಿಯನ್ನೂ ನೋಡಿ. ಲಿನಕ್ಸ್‌ನಲ್ಲಿ ‘ನೇಮೈ -ಎಲ್’ ಎಂಬ ಕಮಾಂಡಿಗೆ ಫೈಲಿನ ಪೂರ್ತಿ ವಿಳಾಸ ಕೊಟ್ಟರೆ ದಾರಿಯ ಒಂದೊಂದು ಮೆಟ್ಟಿಲಿನ ಒಡೆಯರು, ಗುಂಪು, ಅನುಮತಿಯನ್ನು ಸಾಲಾಗಿ ತೋರಿಸುತ್ತದೆ. ಎಲ್ಲವೂ ಸರಿ ಇದ್ದು, ಯಂತ್ರ ಫೆಡೋರಾ ಅಥವಾ ರೆಡ್ ಹ್ಯಾಟ್ ಬಳಗದ್ದಾಗಿದ್ದರೆ, ತಡೆಯುತ್ತಿರುವುದು ಎಸ್‌ಇಲಿನಕ್ಸ್ ಎಂಬ ಇನ್ನೊಂದು ಕಾವಲು ಇರಬಹುದು. ಅದಕ್ಕೆ ಈ ಒಂಬತ್ತು ಅಕ್ಷರಗಳ ಹಂಗಿಲ್ಲ.

ಒಂದು ಉದಾಹರಣೆ. ಮೀರಾ ತಮ್ಮ ಹೋಮ್ ಡೈರೆಕ್ಟರಿಯೊಳಗೆ ‘ತಾಣ’ ಎಂಬ ಫೋಲ್ಡರ್ ಮಾಡಿ ಅದಕ್ಕೆ 755, ಒಳಗಿನ ಪುಟಕ್ಕೆ 644 ಕೊಟ್ಟಿದ್ದಾರೆ. ಎಲ್ಲರೂ ಓದಬಹುದಾದ ಆ ಪುಟವನ್ನು ವೆಬ್ ಸರ್ವರ್ ಮಾತ್ರ ಓದಲಾರದೆ ನಿರಾಕರಣೆ ತೋರಿಸುತ್ತಿದೆ. ‘ನೇಮೈ’ ಹೊಡೆದರೆ ಗುಟ್ಟು ಬಯಲಾಗುತ್ತದೆ. ಪುಟ ಸರಿಯಿದೆ, ತಾಣ ಸರಿಯಿದೆ, ಅದಕ್ಕೂ ಮೇಲಿನ ಮೆಟ್ಟಿಲು, ಮೀರಾ ಅವರ ಹೋಮ್ ಡೈರೆಕ್ಟರಿ, 750. ಉಬುಂಟು 21.04ರಿಂದ ಹೊಸ ಹೋಮ್ ಡೈರೆಕ್ಟರಿಗಳು ಹೀಗೇ ಹುಟ್ಟುತ್ತವೆ. ವೆಬ್ ಸರ್ವರಿನ ಬಳಕೆದಾರ ಮೀರಾ ಅಲ್ಲ, ಅವರ ಗುಂಪಿನವನೂ ಅಲ್ಲ, ಹಾಗಾಗಿ ಆ ಹೊಸ್ತಿಲನ್ನೇ ದಾಟಲಾರ. ವೆಬ್‌ಸೈಟಿನ ಫೈಲುಗಳನ್ನು ಹೋಮ್‌ನಿಂದ ಆಚೆ, ಅದಕ್ಕೆಂದೇ ಇರುವ ಡೈರೆಕ್ಟರಿಗೆ ಸರಿಸುವುದು ಒಳ್ಳೆಯದು. ಅಲ್ಲೇ ಇರಲಿ ಎಂದರೆ 750 ಅನ್ನು 751 ಮಾಡಿದರೆ ಸಾಕು: ಸರ್ವರ್ ದಾಟಿ ಹೋಗುತ್ತದೆ, ಹೋಮ್‌ನಲ್ಲಿ ಮತ್ತೇನೇನಿದೆ ಎಂಬ ಪಟ್ಟಿ ಅದಕ್ಕೆ ಸಿಗುವುದಿಲ್ಲ.